ಆಕಾಶಕ್ಕೆ ಏಣಿ, ಕೈಗೆ ಬಟನ್ ಫೋನು

ಬಡದೇಶಗಳ ಇಂಟರ್ನೆಟ್ ಸಮಸ್ಯೆ 2020ಕ್ಕೇ ಮುಗಿದುಹೋಗಬೇಕಿತ್ತು. ನಿಮಗೆ ಗೊತ್ತಿರಲಿಲ್ವಾ? ವಿಶ್ವಸಂಸ್ಥೆ 2015ರಲ್ಲಿ ಒಪ್ಪಿಕೊಂಡ ಗುರಿಗಳ ಪಟ್ಟಿಯಲ್ಲೇ ಇದೆ: ತೀರಾ ಹಿಂದುಳಿದ ದೇಶಗಳಲ್ಲಿ 2020ರೊಳಗೆ ಎಲ್ಲರಿಗೂ ಕೈಗೆಟುಕುವ ದರದಲ್ಲಿ ಇಂಟರ್ನೆಟ್. ಆ ದೇಶಗಳ ಜನರಿಗೆ ಮಾತ್ರ ಸುದ್ದಿ ತಲುಪಿದಂತಿಲ್ಲ. ಪಾಪ, 2024ರಲ್ಲೂ ಮೂವರಲ್ಲಿ ಇಬ್ಬರು ಆಫ್‌ಲೈನೇ ಇದ್ದರು.

ಹಾಗಂತ ದೊಡ್ಡವರು ಸುಮ್ನೆ ಕೂತಿರಲಿಲ್ಲ. ಫೇಸ್‌ಬುಕ್ಕಿನವರು ಆಕಾಶದಿಂದಲೇ ಇಂಟರ್ನೆಟ್ ಕೊಡಲು, ಬಿಸಿಲಿನ ಶಕ್ತಿಯಿಂದ ಹಾರುವ ಡ್ರೋನ್ ಕಟ್ಟಿದರು. ಅದರ ರೆಕ್ಕೆ ಬೋಯಿಂಗ್ 737ಕ್ಕಿಂತ ಅಗಲ. 2016ರ ಮೊದಲ ಹಾರಾಟದಲ್ಲಿ ಇಳಿಯುವ ಹೊತ್ತಿಗೆ ರೆಕ್ಕೆ ಮುರಿಯಿತು, 2018ರಲ್ಲಿ ಡ್ರೋನ್ ಕಟ್ಟುವುದನ್ನೇ ನಿಲ್ಲಿಸಿದರು. ಗೂಗಲ್ ಮನೆತನದ ಬಲೂನು ಇನ್ನೂ ಸ್ವಲ್ಪ ದಿನ ಬಾಳಿತು. 2020ರಲ್ಲಿ ಕೀನ್ಯಾದ ಮೇಲೆ, ಸುಮಾರು 20 ಕಿಲೋಮೀಟರ್ ಎತ್ತರದಲ್ಲಿ ತೇಲುತ್ತಾ 4ಜಿ ಸುರಿಸತೊಡಗಿತು. ಪ್ರಯಾಣಿಕರ ವಿಮಾನಗಳೂ ಅಷ್ಟು ಮೇಲೆ ಹೋಗಲ್ಲ. ಕೆಳಗೆ ನಿಂತವನ ಕೈಯಲ್ಲಿ ಪುಟ್ಟ ಪರದೆಯ ಬಟನ್ ಫೋನು. ಅದಕ್ಕೆ 4ಜಿ ಹಿಡಿಯುವ ಯೋಗ ಇಲ್ಲ. ಟಾರ್ಚ್ ಇತ್ತು, ಬೇಕಿದ್ದರೆ ರಾತ್ರಿ ಬಲೂನು ಎಲ್ಲಿದೆ ಅಂತ ಹುಡುಕಬಹುದಿತ್ತು. ಮರುವರ್ಷ ಜನವರಿಯಲ್ಲಿ ಬಲೂನಿಗೂ ಮಂಗಳ ಹಾಡಿದರು. ವ್ಯಾಪಾರ ಗಿಟ್ಟಲಿಲ್ಲವಂತೆ.

ಲೆಕ್ಕದಲ್ಲಂತೂ ಎಲ್ಲ ಸರಿಯಾಗಿದೆ. ಟವರಿನ ಸಿಗ್ನಲ್ ಮನೆಗೆ ಬಿದ್ದರೆ ಸಾಕು, ನೀವು ಕವರ್ ಆದಿರಿ. ಜಗತ್ತಿನ ಶೇ. 95ಕ್ಕೂ ಜಾಸ್ತಿ ಜನ ಹೀಗೆ ಕವರ್ ಆಗಿದ್ದಾರೆ. ಇಂಟರ್ನೆಟ್ ಬಳಸದವರಲ್ಲಿ ಬಹುಪಾಲು ಜನ ಈ ಕವರಿನ ಒಳಗೇ ಕೂತಿದ್ದಾರೆ. ಸಿಗ್ನಲ್ ಬರುತ್ತದೆ, ಫೋನಿಗೂ ರೀಚಾರ್ಜಿಗೂ ದುಡ್ಡು ಬರಲ್ಲ.

ದರಕ್ಕೂ ಒಂದು ಗುರಿ ಇದೆ. ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಕಮಿಷನ್ ಮೊದಲು, ಸಾಧಾರಣ ಕನೆಕ್ಷನ್ನಿನ ಬೆಲೆ ತಿಂಗಳ ತಲಾ ಆದಾಯದ ಶೇ. 5 ದಾಟಬಾರದು ಎಂದಿತು. 2018ರಲ್ಲಿ ಅದನ್ನು ಶೇ. 2ಕ್ಕೆ ಇಳಿಸಿತು. ಒಳ್ಳೆಯದೇ. ಆದರೆ ಆ ತಲಾ ಆದಾಯ ಯಾರ ತಲೆಯದ್ದು ಸ್ವಾಮಿ? ಗಣಿ ಧಣಿಯ ದುಡ್ಡನ್ನೂ ಕೂಲಿಯವಳ ದುಡ್ಡನ್ನೂ ಒಟ್ಟಿಗೆ ಕೂಡಿಸಿ ಭಾಗಿಸಿದ್ದು. ಧಣಿಗೆ ಈ ವರ್ಷ ಲಾಭ ಜಾಸ್ತಿ ಬಂತು ಅನ್ನಿ, ಸರಾಸರಿ ಏರುತ್ತದೆ. ಕೂಡಲೇ ಕೂಲಿಯವಳಿಗೆ ಡೇಟಾ ಅಗ್ಗವಾಯಿತು ಅಂತ ಕಾಗದದ ಮೇಲೆ ಬರುತ್ತದೆ. ಅವಳು ಕೊಡುವುದು ಹಳೇ ರೇಟೇ, ಸಿಗುವುದು ಹಳೇ ಕೂಲಿಯೇ.

ಇದರ ಮೇಲೆ ತೆರಿಗೆ ಬೇರೆ. ಉಗಾಂಡಾ ಸರ್ಕಾರ 2018ರ ಜುಲೈಯಿಂದ ವಾಟ್ಸಾಪ್, ಫೇಸ್‌ಬುಕ್ ತೆರೆಯುವವರ ಮೇಲೆ ದಿನಕ್ಕೆ 200 ಶಿಲಿಂಗ್ ಹಾಕಿತು. ಜನರ ಹರಟೆ ಅಧ್ಯಕ್ಷ ಮುಸೆವೆನಿಯವರಿಗೆ ಹಿಡಿಸಿರಲಿಲ್ಲ. ಜನರೇನು ಕಡಿಮೆಯೇ? ಫೋನಿನಲ್ಲಿ ಏನು ತೆರೆದಿದ್ದೇವೆ ಅನ್ನೋದನ್ನು ಮುಚ್ಚಿಡುವ ವಿಪಿಎನ್ ಹಾಕಿಕೊಂಡು ನುಣುಚಿಕೊಂಡರು. 2021ರಲ್ಲಿ ಸರ್ಕಾರ ಆ ತೆರಿಗೆ ಕೈಬಿಟ್ಟು, ಡೇಟಾದ ಮೇಲೇ ಶೇ. 12 ಕೂರಿಸಿತು. ಇನ್ನು ವಿಪಿಎನ್ ಹಾಕಿದರೂ ಅಷ್ಟೇ, ತೆಗೆದರೂ ಅಷ್ಟೇ. ಮಳೆ ಯಾವಾಗ ಅಂತ ನೋಡಲು ಹೋದ ರೈತನೂ ಹರಟೆಯವರ ಸಾಲಿನಲ್ಲೇ ನಿಂತು ಕಟ್ಟಬೇಕು.