ಲೈನಸ್ ಬೈದದ್ದು ಗೊತ್ತು, ಕ್ಷಮೆ ಕೇಳಿದ್ದು ಗೊತ್ತಿಲ್ವಾ?

ನಿನ್ನೆ ಸಂಜೆ ಮಂಗಳೂರಿನಲ್ಲಿ ಒಂದು ಕಾರ್ಯಕ್ರಮ ಮುಗಿಸಿ ಹೊರಗೆ ಬಂದಾಗ ಬಸ್ ಹತ್ತುವ ಮನಸ್ಸಾಗಲಿಲ್ಲ. ಲೇಡಿಹಿಲ್ ತನಕ ಮಳೆಯಲ್ಲೇ ನಡೆದೆ. ಅಷ್ಟು ಸಿಟ್ಟು ಬಂದಿತ್ತು.

ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟ್ ತೋರಿಸುವ ಕಾರ್ಯಕ್ರಮ ಅದು. ಒಬ್ಬಳು ಹುಡುಗಿ ನಮ್ಮ ಸಿಟಿ ಬಸ್‌ಗಳ ಆ್ಯಪ್ ಮಾಡಿ ತಂದಿದ್ದಳು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ಗೆ ಮುಂದಿನ ಬಸ್ ಎಷ್ಟು ಹೊತ್ತಿಗೆ ಎಂದು ಅದು ಹೇಳುತ್ತದೆ. ಅತಿಥಿಯಾಗಿ ಬಂದಿದ್ದ ಟೆಕ್ ಕಂಪನಿಯ ಮುಖ್ಯಸ್ಥರು ಎರಡು ನಿಮಿಷ ನೋಡಿ ಮೈಕಿನಲ್ಲೇ ಹೇಳಿದರು, "ಇದು ಕಸ. ನಿಮ್ಮ ತಲೆಗೆ ಈ ಕೆಲಸ ಹತ್ತುವುದಿಲ್ಲ, ಬೇರೆ ಏನಾದರೂ ನೋಡಿಕೊಳ್ಳಿ." ಸಭೆ ನಕ್ಕಿತು. ಅವಳು ಚಾರ್ಜರ್ ವಯರನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ನಿಂತಿದ್ದಳು. ಆಮೇಲೆ ಅವರು, "ನಾನು ನೇರ ಮಾತಿನವ. ಲೈನಸ್ ಟೊರ್ವಾಲ್ಡ್ಸ್ ಕೂಡ ಹೀಗೇ ಇದ್ದದ್ದು, ಅದಕ್ಕೇ ಲಿನಕ್ಸ್ ಅಷ್ಟು ಬೆಳೆದದ್ದು" ಎಂದರು. ಅದಕ್ಕೂ ಚಪ್ಪಾಳೆ. ಲೈನಸ್ ಅಂದರೆ ಲಿನಕ್ಸ್ ಎಂಬ, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವನ್ನು ಶುರು ಮಾಡಿದವನು.

ಆ್ಯಪ್‌ನಲ್ಲಿ ತಪ್ಪು ಇತ್ತು ಮಾರಾಯ್ರೆ, ಇಲ್ಲ ಅನ್ನುವುದಿಲ್ಲ. ನೆಟ್‌ವರ್ಕ್ ಹೋದರೆ ಅದು ತೆರೆಯುವುದೇ ಇಲ್ಲ. ಅವರು ಹೀಗೆ ಹೇಳಬಹುದಿತ್ತು: "ಬಸ್ ಸ್ಟಾಪಿನಲ್ಲಿ ನೆಟ್‌ವರ್ಕ್ ಸಿಗದವನಿಗೆ ಇದು ಉಪಯೋಗ ಇಲ್ಲ. ಸಮಯದ ಪಟ್ಟಿಯನ್ನು ಫೋನಿನಲ್ಲೇ ಇಡಿ." ಇದು ನೇರ ಮಾತು. ಅವಳ ತಲೆಯ ವಿಷಯ ಇದರಲ್ಲಿ ಎಲ್ಲಿ ಬಂತು?

ನನಗೆ ಸಿಟ್ಟು ಜಾಸ್ತಿಯಾದದ್ದು ಲೈನಸ್ ಹೆಸರು ಎತ್ತಿದ್ದಕ್ಕೆ. ಇಪ್ಪತ್ತು ವರ್ಷದಿಂದ ನನ್ನ ಅನ್ನ ಲಿನಕ್ಸ್‌ನಿಂದ ಬರುತ್ತಿದೆ, ನಿಮಗೆ ಗೊತ್ತು. 1991ರಲ್ಲಿ ಹೆಲ್ಸಿಂಕಿಯ 21 ವರ್ಷದ ಒಬ್ಬ ವಿದ್ಯಾರ್ಥಿ ಸುಮ್ನೆ ಹವ್ಯಾಸಕ್ಕೆ ಎಂದು ಶುರು ಮಾಡಿದ್ದು ಇವತ್ತು ಪ್ರತಿ ಆಂಡ್ರಾಯ್ಡ್ ಫೋನಿನೊಳಗೆ ಇದೆ. 2005ರಲ್ಲಿ ಅವನೇ ಗಿಟ್ (ಕೋಡ್‌ನಲ್ಲಿ ಆಗುವ ಬದಲಾವಣೆಗಳ ಲೆಕ್ಕ ಇಡುವ ಸಾಧನ) ಬರೆದ. ಎರಡನ್ನೂ ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಬಿಟ್ಟುಕೊಟ್ಟ. ಇಷ್ಟು ಕೊಟ್ಟವನನ್ನು ಕೆಟ್ಟವನು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಬೈದದ್ದು ನಿಜ. 2012ರ ಕೊನೆಯಲ್ಲಿ ಅನುಭವಿ ಮೇಂಟೇನರ್ (ಲಿನಕ್ಸ್‌ನ ಒಂದು ಭಾಗ ನೋಡಿಕೊಳ್ಳುವವರು) ಒಬ್ಬರಿಗೆ, ಎಲ್ಲರೂ ಓದುವ ಲಿನಕ್ಸ್ ಇಮೇಲ್ ಪಟ್ಟಿಯಲ್ಲಿ, ಬಾಯಿ ಮುಚ್ಚು ಎಂದು ಬರೆದಿದ್ದ. ಸಿಟ್ಟಿಗೆ ಕಾರಣ ಇತ್ತು. ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಬದಲಾದರೂ ನಿನ್ನೆ ತನಕ ಓಡುತ್ತಿದ್ದ ಪ್ರೋಗ್ರಾಂ ಇವತ್ತು ನಿಲ್ಲಬಾರದು, ಅದು ಅವನ ಹಠ. ಆ ಹಠ ನನಗೆ ಇಷ್ಟ. ಅದರಿಂದಾಗಿ ನನ್ನ ಎಷ್ಟೋ ರಾತ್ರಿಗಳು ಉಳಿದಿವೆ. ಆದರೆ ಆ ಹಠ ಉಳಿಸಿಕೊಳ್ಳಲು ಆ ಬೈಗುಳ ಬೇಕಿರಲಿಲ್ಲ. ಲಿನಕ್ಸ್‌ಗೆ ಯುಎಸ್‌ಬಿ 3.0 ಡ್ರೈವರ್ (ಯುಎಸ್‌ಬಿ ಸಾಧನಗಳನ್ನು ಓಡಿಸುವ ಪ್ರೋಗ್ರಾಂ) ಬರೆದ ಸೇಜ್ ಶಾರ್ಪ್ 2013ರಲ್ಲೇ ಇದನ್ನು ನಿಲ್ಲಿಸಿ ಎಂದು ಕೇಳಿದರು. 2015ರಲ್ಲಿ ಅಲ್ಲಿನ ಮಾತಿನ ಒರಟುತನಕ್ಕೆ ಬೇಸತ್ತು ಕರ್ನಲ್ ಕೆಲಸ ಬಿಟ್ಟೆ ಎಂದು ಬಹಿರಂಗವಾಗಿ ಹೇಳಿದರು. ಅಂಥ ಕೆಲಸಗಾರರನ್ನು ಕಳೆದುಕೊಂಡದ್ದು ಲಾಭವಾ?

ಮುಂದಿನ ಕಥೆ ನಮ್ಮ ಅತಿಥಿಗಳಿಗೆ ಬೇಡ. 2018ರ ಸೆಪ್ಟೆಂಬರ್‌ನಲ್ಲಿ, ಲಿನಕ್ಸ್ 4.19ರ ಪರೀಕ್ಷಾ ಆವೃತ್ತಿ ಬಂದಿದೆ ಎಂದು ಅದೇ ಇಮೇಲ್ ಪಟ್ಟಿಗೆ ತಿಳಿಸುವ ಪತ್ರದಲ್ಲೇ ಲೈನಸ್ ಕ್ಷಮೆ ಕೇಳಿದ. ತನ್ನ ಮಾತಿನಿಂದ ನೋವಾದವರು, ಅದೇ ಕಾರಣಕ್ಕೆ ಕೆಲಸವನ್ನೇ ಬಿಟ್ಟು ಹೋಗಿರಬಹುದಾದವರು, ಎಲ್ಲರ ಕ್ಷಮೆ. ವೈಯಕ್ತಿಕ ದಾಳಿ ಮಾಡಿದ್ದು ತಪ್ಪು ಎಂದು ಒಪ್ಪಿದ. ಜನರ ಭಾವನೆ ಅರ್ಥ ಮಾಡಿಕೊಳ್ಳಲು ಸಹಾಯ ಬೇಕು ಎಂದು ಬರೆದ. ಆಗ 48 ವರ್ಷ ಅವನಿಗೆ. ಕೆಲಸ ಇನ್ನೊಬ್ಬ ಹಿರಿಯ ಮೇಂಟೇನರ್ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಕೈಗೆ ಕೊಟ್ಟು ಕೆಲವು ವಾರ ದೂರ ನಿಂತ. 4.19 ಹೊರಗೆ ಬಂದದ್ದು ಗ್ರೆಗ್ ಕೈಯಿಂದ. ಲಿನಕ್ಸ್ ನಿಲ್ಲಲಿಲ್ಲ.

ಪತ್ರಿಕೆಯವರು ಪ್ರಶ್ನೆ ಕೇಳಿದ್ದಕ್ಕೆ ಕ್ಷಮೆ ಕೇಳಿದ ಎನ್ನುವವರಿದ್ದಾರೆ. ಅವನ ಬೈಗುಳದ ಬಗ್ಗೆ ದಿ ನ್ಯೂಯಾರ್ಕರ್ ಪತ್ರಿಕೆಯ ಬರಹ ಆ ಪತ್ರದ ನಂತರ ಕೆಲವೇ ದಿನಗಳಲ್ಲಿ ಬಂದದ್ದು ಹೌದು. ಆಗಲಿ. ಬೈದದ್ದು ಎಲ್ಲಿಯೋ, ಕ್ಷಮೆ ಕೇಳಿದ್ದೂ ಅಲ್ಲಿಯೇ. ನನಗೆ ಅಷ್ಟು ಸಾಕು. ಮೆತ್ತಗೆ ಹೇಳಿದರೆ ಕೆಲಸ ಆಗುವುದಿಲ್ಲ ಎನ್ನುವವರಿಗೂ ಒಂದು ಮಾತು. ಮೆತ್ತಗೆ ಹೇಳಿ ಎಂದು ಯಾರು ಹೇಳಿದರು? ಗಟ್ಟಿಯಾಗಿಯೇ ಹೇಳಿ, ಕೆಲಸದ ಬಗ್ಗೆ ಹೇಳಿ.

ನನ್ನ ಸೋದರಮಾವ ಮಲ್ಪೆಯಲ್ಲಿ ತಂಡೇಲರಾಗಿದ್ದರು, ಅಂದರೆ ಮೀನುಗಾರಿಕೆ ಬೋಟ್ ನಡೆಸುವವರು. ಅವರ ಬಾಯಿ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಒಮ್ಮೆ ನಾನೂ ಬೋಟಿನಲ್ಲಿದ್ದೆ. ಬಲೆ ಎಳೆಯುವಾಗ ಹೊಸ ಹುಡುಗನೊಬ್ಬ ಬಲೆ ಎಳೆಯುವ ಯಂತ್ರದ (ವಿಂಚಿನ) ಹಗ್ಗದ ಸುರುಳಿಯೊಳಗೆ ಕಾಲಿಟ್ಟು ನಿಂತಿದ್ದ. ಹಗ್ಗ ಬಿಗಿಯಾದರೆ ಕಾಲು ಹೋಗುತ್ತದೆ. ಮಾವ ಕಿರುಚಿದ ರೀತಿಗೆ ನಾನೇ ಬೆಚ್ಚಿಬಿದ್ದೆ. ಆದರೆ ಆ ಕಿರುಚಾಟದಲ್ಲಿ ಇದ್ದದ್ದು ಕಾಲು, ಹಗ್ಗ, ಎರಡೇ. ಅವನ ಅಪ್ಪ ಅಮ್ಮ ಬರಲಿಲ್ಲ, ಜಾತಿ ಬರಲಿಲ್ಲ, ನಿನಗೆ ಬುದ್ಧಿ ಇಲ್ಲ ಎಂಬ ಮಾತು ಬರಲಿಲ್ಲ. ಇನ್ನೊಂದು ಸಲ ಮಾವನ ಅಂದಾಜು ತಪ್ಪಿ ಬಲೆ ಕಲ್ಲಿಗೆ ಸಿಕ್ಕಿ ಹರಿಯಿತು. ದಕ್ಕೆಗೆ (ಬೋಟ್ ನಿಲ್ಲುವ ಕಟ್ಟೆಗೆ) ಬಂದ ಮೇಲೆ ಮಾಲೀಕರ ಎದುರು, ಬೋಟಿನ ಕೆಲಸಗಾರರಾದ ಕಲಾಸಿಗಳೆಲ್ಲ ಕೇಳುವಂತೆ, "ತಪ್ಪು ನನ್ನದು, ಹುಡುಗರದ್ದಲ್ಲ" ಎಂದರು. ಒರಟ ಒಳ್ಳೆಯವನಾಗಿರಬಹುದಾ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಅವರೇ.

ಇಷ್ಟೆಲ್ಲ ಬರೆದವನು ಒಂದು ವಿಷಯ ಮುಚ್ಚಿಟ್ಟರೆ ಮೋಸವಾಗುತ್ತದೆ. ಬೆಂಗಳೂರಿನಲ್ಲಿ ಟೀಮ್ ಲೀಡ್ ಆಗಿದ್ದಾಗ ನಾನೂ ಇದನ್ನೇ ಮಾಡಿದ್ದೇನೆ. ಒಬ್ಬ ಹುಡುಗ ಸರ್ವರ್‌ನಲ್ಲಿ ತಪ್ಪು ಫೋಲ್ಡರ್ ಅಳಿಸಿದ. ಬ್ಯಾಕಪ್ ಇತ್ತು, ಒಂದು ಗಂಟೆಯಲ್ಲಿ ಎಲ್ಲ ಸರಿಯಾಯಿತು. ಆದರೂ ಹನ್ನೊಂದು ಜನ ಇದ್ದ ಕಾಲ್‌ನಲ್ಲಿ "ನಿನಗೆ ಕೆಲಸ ಕೊಟ್ಟವರು ಯಾರು" ಎಂದು ಕೇಳಿದೆ. ಎರಡು ದಿನ ಬಿಟ್ಟು ಕಾಫಿ ಮೆಷಿನ್ ಹತ್ತಿರ, ಯಾರೂ ಇಲ್ಲದಾಗ, ಸಾರಿ ಎಂದೆ. ಅವನು ತಲೆಯಾಡಿಸಿದ. ನಾಲ್ಕು ತಿಂಗಳಲ್ಲಿ ಬಿಟ್ಟು ಹೋದ.

ಆ ಟೀಮಿನ ಹಳೆಯ ವಾಟ್ಸ್ಆ್ಯಪ್ ಗ್ರೂಪ್ ಇನ್ನೂ ಇದೆ, ಅವನೂ ಇದ್ದಾನೆ. ನಿನ್ನೆ ರಾತ್ರಿ ಅಲ್ಲಿ ಅವನ ಹೆಸರು ಹಿಡಿದು ಕ್ಷಮೆ ಕೇಳಿದೆ. ಅಂದು ಕೇಳಿಸಿಕೊಂಡ ಹನ್ನೊಂದು ಜನರಲ್ಲಿ ಏಳು ಜನ ಮಾತ್ರ ಆ ಗ್ರೂಪ್‌ನಲ್ಲಿ ಉಳಿದಿದ್ದಾರೆ. ಉಳಿದ ನಾಲ್ವರು ಇಲ್ಲಿ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾರೆ. ಅದಕ್ಕೇ ಇದನ್ನು ಇಲ್ಲೂ ಬರೆದದ್ದು.