ಗೇರ್ ಹಲ್ಲುಗಳು ಉಜ್ಜುವುದೇ ಇಲ್ಲವೇ?

‘ಗೇರ್ ಹಲ್ಲುಗಳು ಇನ್ವಾಲ್ಯೂಟ್ (ಒಂದು ಬಗೆಯ ವಕ್ರರೇಖೆ) ಆಕಾರದಲ್ಲಿರುವುದರಿಂದ ಒಂದರ ಮೇಲೊಂದು ಬರೀ ಉರುಳುತ್ತವೆ, ಉಜ್ಜುವುದಿಲ್ಲ, ಹಾಗಾಗಿ ಸವೆಯುವುದೂ ಇಲ್ಲ’ ಎಂಬ ಸಂದೇಶ ಚೆಂದದ ಅನಿಮೇಷನ್ ಜೊತೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಸತ್ಯಾಂಶ: ಎರಡು ಗೇರ್‌ಗಳ ಕೇಂದ್ರಗಳನ್ನು ಸೇರಿಸುವ ರೇಖೆಯ ಮೇಲೆ ಪಿಚ್ ಬಿಂದು ಇರುತ್ತದೆ. ಸಂಪರ್ಕ ಅಲ್ಲಿಗೆ ಬಂದ ಕ್ಷಣದಲ್ಲಿ ಮಾತ್ರ ಹಲ್ಲುಗಳು ಜಾರದೆ ಉರುಳುತ್ತವೆ. ಅದಕ್ಕೆ ಮೊದಲೂ ಆಮೇಲೂ ಉರುಳುತ್ತಲೇ ಜಾರುತ್ತವೆ. ಆ ಬಿಂದುವಿನಿಂದ ದೂರವಾದಷ್ಟೂ ಜಾರುವ ವೇಗ ಹೆಚ್ಚು. ಬಿಂದುವನ್ನು ದಾಟಿದೊಡನೆ ಜಾರುವ ದಿಕ್ಕೂ ಬದಲಾಗುತ್ತದೆ. ಗೇರ್‌ಬಾಕ್ಸಿಗೆ ಎಣ್ಣೆ ಬೇಕಾಗುವುದಕ್ಕೆ ಇದೇ ಮುಖ್ಯ ಕಾರಣ. ಸಂದೇಶವನ್ನು ನಂಬಿ ಎಣ್ಣೆ ಬದಲಿಸುವುದನ್ನು ಯಾರೂ ಮುಂದೂಡಬಾರದು.

ಹಾಗಾದರೆ ಇನ್ವಾಲ್ಯೂಟ್‌ನ ಹೆಚ್ಚುಗಾರಿಕೆ ಏನು? ರೀಲಿಗೆ ಸುತ್ತಿದ ದಾರವನ್ನು ಬಿಗಿಯಾಗಿ ಹಿಡಿದು ಬಿಚ್ಚುತ್ತ ಹೋದರೆ, ಅದರ ತುದಿ ಎಳೆಯುವ ವಕ್ರರೇಖೆಯೇ ಇನ್ವಾಲ್ಯೂಟ್. ಇಂಥ ಹಲ್ಲುಗಳು ಸೇರುವ ಬಿಂದು, ಎರಡೂ ಗೇರ್‌ಗಳ ಮೂಲವೃತ್ತಗಳನ್ನು (ದಾರದ ಉದಾಹರಣೆಯಲ್ಲಿ ರೀಲಿನ ಸ್ಥಾನದಲ್ಲಿರುವ ವೃತ್ತಗಳನ್ನು) ಸ್ಪರ್ಶಿಸುವ ಒಂದೇ ನೇರ ರೇಖೆಯಲ್ಲಿ ಸಾಗುತ್ತದೆ. ಆದ್ದರಿಂದ ಒಂದು ಚಕ್ರ ಸಮವೇಗದಲ್ಲಿ ತಿರುಗಿದರೆ ಇನ್ನೊಂದೂ ಸಮವೇಗದಲ್ಲೇ ತಿರುಗುತ್ತದೆ. ನನ್ನ ಮಟ್ಟಿಗೆ ನಿಜವಾದ ಬೆರಗು ಇರುವುದು ಮುಂದಿನ ಗುಣದಲ್ಲಿ: ಜೋಡಣೆಯಲ್ಲಿ ಕೇಂದ್ರಗಳ ಅಂತರ ತುಸು ಹೆಚ್ಚಾದರೂ ವೇಗಗಳ ಅನುಪಾತ ಕಿಂಚಿತ್ತೂ ಬದಲಾಗುವುದಿಲ್ಲ! ಸೈಕ್ಲಾಯ್ಡ್ (ಉರುಳುವ ವೃತ್ತದ ಅಂಚಿನ ಬಿಂದು ಎಳೆಯುವ ವಕ್ರರೇಖೆ) ಆಕಾರದ ಹಲ್ಲುಗಳಿಗೆ ಈ ಸೌಲಭ್ಯವಿಲ್ಲ.

ಗೇರ್ ಹಲ್ಲುಗಳಿಗೆ ಇನ್ವಾಲ್ಯೂಟ್ ರೇಖೆ ಒಪ್ಪುತ್ತದೆಂದು 18ನೇ ಶತಮಾನದಲ್ಲಿ ತೋರಿಸಿದವನು ಗಣಿತಜ್ಞ ಲಿಯೊನಾರ್ಡ್ ಆಯ್ಲರ್. ಯಂತ್ರಗಳಲ್ಲಿ ಇಂದು ಹೆಚ್ಚಾಗಿ ಬಳಸುವುದು 20 ಡಿಗ್ರಿ ಒತ್ತಡ ಕೋನದ (ಸಂಪರ್ಕ ಸಾಗುವ ನೇರ ರೇಖೆಗೂ, ಕೇಂದ್ರಗಳನ್ನು ಸೇರಿಸುವ ರೇಖೆಗೆ ಲಂಬವಾದ ರೇಖೆಗೂ ನಡುವಿನ ಕೋನ) ಇನ್ವಾಲ್ಯೂಟ್ ಹಲ್ಲುಗಳನ್ನು.