ಸತ್ಯಾಂಶ: ಮನುಷ್ಯರು ಸಾಕಿದ ಮರಿ ಕಾಡಿನಲ್ಲಿ ಬದುಕಲಾರದೇ?

‘ಗೂಡಿನಿಂದ ಮೊಟ್ಟೆ ಎತ್ತಿದರೆ ಹಕ್ಕಿ ಮತ್ತೆ ಮೊಟ್ಟೆ ಇಡುವುದಿಲ್ಲ, ಮನುಷ್ಯರು ಸಾಕಿದ ಮರಿ ಕಾಡಿನಲ್ಲಿ ಬದುಕುವುದಿಲ್ಲ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದಿನ ಮಟ್ಟಿಗೆ ಈ ಎರಡು ಮಾತುಗಳೂ ನಿಜವಲ್ಲ.

1987ರಲ್ಲಿ ಕಾಡಿನಲ್ಲಿ ಉಳಿದಿದ್ದ ಕೊನೆಯ ಕಾಂಡೋರನ್ನೂ ಹಿಡಿದು ತಂದಾಗ ಇಡೀ ಜಗತ್ತಿನಲ್ಲಿ ಇದ್ದವು ಕೇವಲ 27. ಈ ಹಕ್ಕಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಒಂದೇ ಮೊಟ್ಟೆ ಇಡುತ್ತದೆ. ಆದರೆ ಆ ಮೊಟ್ಟೆ ಬೇಗನೆ ಕೈತಪ್ಪಿದರೆ ಅದೇ ಋತುವಿನಲ್ಲಿ ಇನ್ನೊಂದನ್ನು ಇಡಬಲ್ಲದು. ಈ ಗುಣವನ್ನೇ ಬಳಸಿಕೊಂಡ ಸ್ಯಾನ್ ಡಿಯಾಗೊ ಮತ್ತು ಲಾಸ್ ಏಂಜಲೀಸ್ ಮೃಗಾಲಯಗಳ ಸಿಬ್ಬಂದಿ, ಮೊದಲ ಮೊಟ್ಟೆಗೆ ಯಂತ್ರದಲ್ಲಿ ಕಾವು ಕೊಟ್ಟು, ಹುಟ್ಟಿದ ಮರಿಗೆ ಮನುಷ್ಯರ ಮುಖವೇ ಕಾಣದಂತೆ, ಕಾಂಡೋರ್ ತಲೆಯ ಆಕಾರದ ಕೈಗೊಂಬೆಯಿಂದ ಗುಟುಕು ಕೊಟ್ಟು ಬೆಳೆಸಿದರು. ಇಷ್ಟು ತಾಳ್ಮೆಯ ಕೆಲಸವನ್ನು ಒಂದು ಸಾಲಿನ ಸಂದೇಶ ಅಳಿಸಿಹಾಕುವುದು ನನಗೆ ನೋವಿನ ಸಂಗತಿ.

ಆತಂಕ ಪೂರ್ತಿ ಆಧಾರರಹಿತವೇನಲ್ಲ. 1992ರಿಂದ ಬಿಡುಗಡೆಯಾದ ಮೊದಲ ಹಕ್ಕಿಗಳಲ್ಲಿ ಕೆಲವು ವಿದ್ಯುತ್ ಕಂಬಗಳ ಬಳಿ ಹೋಗಿ ತಂತಿಗಳಿಗೆ ತಾಗಿ ಸತ್ತವು, ಕೆಲವು ಜನರ ಬಳಿ ಸುಳಿದವು. ಹಾಗಾಗಿ, ಕುಳಿತರೆ ಸಣ್ಣ ಆಘಾತ ಕೊಡುವ ನಕಲಿ ಕಂಬಗಳನ್ನು ನಿಲ್ಲಿಸಿ, ಮರಿಗಳನ್ನು ಹಿರಿಯ ಕಾಂಡೋರ್‌ಗಳ ಜೊತೆಗಿರಿಸಿ ಕಲಿಸಲಾಯಿತು. ಈಗ ಇವುಗಳ ಸಂಖ್ಯೆ 500ನ್ನು ದಾಟಿದ್ದು, ಅರ್ಧಕ್ಕಿಂತ ಹೆಚ್ಚು ಹಕ್ಕಿಗಳು ಬಯಲಿನಲ್ಲಿ ಸ್ವತಂತ್ರವಾಗಿ ಹಾರುತ್ತಿವೆ. ಅಲ್ಲಿಯೇ ಗೂಡು ಮಾಡಿ ಮರಿಗಳನ್ನೂ ಬೆಳೆಸುತ್ತಿವೆ.

ಅವುಗಳನ್ನು ಇಂದಿಗೂ ಹೆಚ್ಚಾಗಿ ಕೊಲ್ಲುತ್ತಿರುವುದು ಸಾಕಣೆಯ ದೋಷವಲ್ಲ, ಬೇಟೆಯಾಡಿದ ಪ್ರಾಣಿಗಳ ಕಳೇಬರದಲ್ಲಿ ಉಳಿಯುವ ಸೀಸದ ಗುಂಡಿನ ಚೂರುಗಳು. 2019ರಿಂದ ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಅಂಥ ಗುಂಡುಗಳ ಬಳಕೆಯನ್ನು ನಿಷೇಧಿಸಲಾಗಿದೆ.